ಬಿಸಿಲಿಗಿಟ್ಟ ಸೌಟು

ಬೆಳಗಿನಿಂದ ಪಂಪು ಬಡಿದುಕೊಳ್ಳುತ್ತಲೇ ಇತ್ತು. ಮನೆಯ ಹಿಂದಿನ ಜೌಗಿನ ನೀರನ್ನೆಲ್ಲ ಎಳೆದು ಕಾಲುವೆಗೆ ಚೆಲ್ಲುವ ಆ ಸದ್ದಿಗೆ ಅಡುಗೆಮನೆಯ ಪಾತ್ರೆಗಳೂ ನಡುಗುತ್ತಿದ್ದವು. ಸಸಿ ಮಾರುವವರ ಮನೆ ಅದು. ಗಂಡ ಹೆಂಡತಿ ಜೌಗಿನ ಕಪ್ಪು ಕೆಸರು ತೋಡಿ, ಚೀಲಗಳಿಗೆ ತುಂಬಿ, ಅದರಲ್ಲಿ ಸಸಿ ಬೆಳೆಸುತ್ತಿದ್ದರು. ಮೇಲಿನ ಕೆಸರು ಮುಗಿಯುತ್ತ ಬಂದಿತ್ತು. ಆಳದ್ದು ಬೇಕೆಂದರೆ ನೀರು ಖಾಲಿಯಾಗಬೇಕು, ಅದಕ್ಕೇ ಬಾಡಿಗೆಯ ಪಂಪು ಬಂದಿತ್ತು.

ಹೆಂಡತಿಯನ್ನು ಊರೆಲ್ಲ ಬುಗುರಿ ಎಂದೇ ಕರೆಯುತ್ತಿತ್ತು. ನಿಂತಲ್ಲಿ ನಿಲ್ಲುವ ಹೆಂಗಸಲ್ಲ. ಉಂಡವರು ಕೈತೊಳೆದು ಬರುವುದರೊಳಗೆ ತಟ್ಟೆ ತೊಳೆದು ಕವುಚಿಡುವವಳು. ಹಾಗಾಗಿ ಬೆಳಿಗ್ಗೆ ಕೆಸರಿನಲ್ಲಿ ಮರದ ಸೌಟೊಂದು ಸಿಕ್ಕಾಗ ಅವಳು ಮಾಡಿದ್ದೂ ಅದನ್ನೇ. ನಲ್ಲಿಯಡಿ ಹಿಡಿದಳು, ಸೋಪು ಹಾಕಿ ಬ್ರಷ್ಷಿನಿಂದ ತಿಕ್ಕಿದಳು, ಮಹಡಿಯ ಮೇಲೆ ಬಿಸಿಲಿಗಿಟ್ಟಳು.

ಸೌಟಿನ ಹಿಡಿಯ ಮೇಲೆ ಹೆಬ್ಬೆರಳು ಊರುವ ಜಾಗ ಸವೆದು ಗುಳಿ ಬಿದ್ದಿತ್ತು. ತನ್ನ ಹೆಬ್ಬೆರಳನ್ನು ಅಲ್ಲಿಟ್ಟು ನೋಡಿದ್ದಳು, ಸರಿಯಾಗಿ ಕೂತಿತ್ತು. ಯಾಕೋ ಆಗಿನಿಂದ ಅವಳಿಗೆ ಕೈ ಕೆಲಸದಲ್ಲಿದ್ದರೂ ಮನಸ್ಸು ಅಲ್ಲಿರಲಿಲ್ಲ. ಚೀಲ ತುಂಬುವಾಗಲೂ ಕಣ್ಣು ಮಹಡಿಯ ಕಡೆಗೇ ಹೋಗುತ್ತಿತ್ತು.

ಮಧ್ಯಾಹ್ನ ನಾದಿನಿ ಬಂದಳು. ಹಳೆಯ ಮಣ್ಣನ್ನು ಪರೀಕ್ಷಿಸಿ, ಹಿಂದೆ ಅಲ್ಲಿ ಏನು ಬೆಳೆಯುತ್ತಿತ್ತು, ಜನ ಏನು ಉಣ್ಣುತ್ತಿದ್ದರು ಎಂದು ಪತ್ತೆ ಹಚ್ಚುವ ಕೆಲಸ ಅವಳದು.

"ಚಿಕ್ಕವಳಿದ್ದಾಗ ಕದ್ದು ಮಣ್ಣು ತಿಂತಿದ್ದೆ. ಈಗ ಅದಕ್ಕೇ ಸಂಬಳ ಕೊಡ್ತಾರೆ, ಪುಣ್ಯವಂತೆ," ಎಂದ ಅವಳ ಅಣ್ಣ, ಬುಗುರಿಯ ಗಂಡ.

ನಾದಿನಿ ನಕ್ಕಳು. ಬುಗುರಿ ನಗಲಿಲ್ಲ. ಮಹಡಿಗೆ ಓಡಿ ಸೌಟು ತಂದಳು. ಸೌಟು ಸೊಟ್ಟಗೆ ಮುದುಡಿ, ಹಿಡಿ ಉದ್ದಕ್ಕೂ ಸೀಳು ಬಿಟ್ಟಿತ್ತು. ಹೆಬ್ಬೆರಳಿನ ಗುಳಿ ಎರಡು ಹೋಳಾಗಿತ್ತು.

"ಬೆಳಿಗ್ಗೆ ನೆಟ್ಟಗಿತ್ತು ಕಣೇ," ಎಂದಳು ಬುಗುರಿ.

"ತೊಳೆದ್ರಾ ಅತ್ತಿಗೆ?"

"ಮತ್ತೆ? ಒಳಗೆ ಕರ್ರಗೆ ಏನೋ ಅಂಟಿತ್ತು. ತಿಕ್ಕಿ ತಿಕ್ಕಿ ತೆಗೆಯೋ ಹೊತ್ತಿಗೆ ಸಾಕುಸಾಕಾಯ್ತು."

ನಾದಿನಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಅದು ಕೊನೇ ಸಲ ಬಡಿಸಿದ ಊಟ ಇರಬಹುದಿತ್ತು. ಏನು ಉಂಡ್ರು ಅಂತ ಅದರಿಂದಲೇ ಗೊತ್ತಾಗ್ತಿತ್ತು."

ಬುಗುರಿ ಗುಳಿಯ ಎರಡು ಹೋಳನ್ನು ಒತ್ತಿ ಕೂಡಿಸಲು ನೋಡಿದಳು. ಯಾವಳೋ ಒಬ್ಬಳ ಸೌಟು, ಜೀವಮಾನವೆಲ್ಲ ಹಿಡಿದು ಸವೆಸಿದ್ದು, ತನ್ನ ಕೈಯಲ್ಲಿ ಒಂದು ಹೊತ್ತೂ ಉಳಿಯಲಿಲ್ಲವಲ್ಲ.

"ಅಷ್ಟು ಕಾಲ ಉಳಿದಿದ್ದು ಇವತ್ತು ಹೆಂಗೆ ಹೋಯ್ತು?" ಎಂದು ಕೇಳಿದಳು.

"ಕೊಳೆಸೋ ಜೀವಿಗಳಿಗೆ ಗಾಳಿ ಬೇಕು ಅತ್ತಿಗೆ. ನೀರು ನಿಂತ ಕೆಸರಲ್ಲಿ ಗಾಳಿ ಇರಲ್ಲ. ಹಾಗಾಗಿ ಉಳ್ಕೊಂಡಿತ್ತು. ಆದ್ರೆ ಮರದೊಳಗಿನ ಸತ್ವ ಕರಗಿಹೋಗಿ, ನೀರೇ ಅದನ್ನ ನೆಟ್ಟಗೆ ಹಿಡಿದಿರುತ್ತೆ. ಆ ನೀರು ಆರಿದ್ರೆ ಮುಗೀತು. ಮೊದಲು ಆ ಪಂಪು ನಿಲ್ಸು ಅಣ್ಣ, ತೋಡೋದು ಸಾಕು."

"ಒಂದು ಸೌಟಿಗೆ ಇಷ್ಟೊಂದು ಪಂಚಾಯ್ತಿನಾ?" ಎಂದ ಗಂಡ. "ಅಂಗಡೀಲಿ ಬೇಕಾದಷ್ಟು ಸಿಗುತ್ತೆ. ಮಣ್ಣಿಲ್ಲ ಅಂದ್ರೆ ನನ್ನ ಸಸಿಗಳನ್ನ ನಿನ್ನ ಪುಸ್ತಕದಲ್ಲಿ ನೆಡಲಾ?"

"ಸೌಟು ಸಿಕ್ಕಿದ ಕಡೆ ಹಲಗೆ ಥರದ್ದೊಂದು ಇದೆ. ಬೆಳಿಗ್ಗೆ ತುದಿ ಮಾತ್ರ ಕಾಣ್ತಿತ್ತು," ಎನ್ನುತ್ತ ಬುಗುರಿ ಆಗಲೇ ಹಿತ್ತಿಲು ದಾಟಿದ್ದಳು. ಇಬ್ಬರೂ ಅವಳ ಹಿಂದೆ ಹೋದರು.

ನೀರು ತುಂಬಾ ಇಳಿದಿತ್ತು. ಬೆಳಿಗ್ಗೆ ತುದಿಯಷ್ಟೇ ಇದ್ದ ಹಲಗೆ ಈಗ ಮೊಳದುದ್ದ ಹೊರಬಿದ್ದು, ಮೇಲ್ಭಾಗ ಒಣಗಿ ಬೂದಿಬಣ್ಣಕ್ಕೆ ತಿರುಗುತ್ತಿತ್ತು. ನಾದಿನಿ ಅದನ್ನು ಮುಟ್ಟಲಿಲ್ಲ. ಪಕ್ಕದಲ್ಲಿ ಆಳದಿಂದ ಹಸಿ ಕೆಸರಿನ ಹೆಂಟೆಯೊಂದನ್ನು ಅಣ್ಣನ ಕೈಯಿಂದ ಗುದ್ದಲಿಯಲ್ಲಿ ಎತ್ತಿಸಿ, ಮೆಲ್ಲಗೆ ಬಿಡಿಸಿದಳು. ಒಳಗೊಂದು ಎಲೆಯಿತ್ತು. ಅದನ್ನು ಅಣ್ಣನ ಅಂಗೈ ಮೇಲಿಟ್ಟಳು. ನರನರವೂ ಕಾಣುವ ಹಸಿರು ಎಲೆ.

"ಇದು ನಿನ್ನೆ ಉದುರಿದ್ದು," ಎಂದ ಅವನು.

"ಇಷ್ಟು ಆಳದಲ್ಲಾ? ಎಷ್ಟು ಹಳೇದು ಅಂತ ಪರೀಕ್ಷೆ ಮಾಡದೆ ನಾನೂ ಹೇಳಲಾರೆ. ನೋಡ್ತಾ ಇರು ಅಣ್ಣ."

ಅವನು ನೋಡುತ್ತಲೇ ನಿಂತ. ಎಲೆಯ ಅಂಚು ಕಂದಾಯಿತು. ಕಂದು ಒಳಗೊಳಗೆ ಹರಿದು, ನಡುವಿನ ಹಸಿರನ್ನೂ ನುಂಗಿತು. ಅವನು ಗಾಬರಿಯಾಗಿ ಅದನ್ನು ನೀರಲ್ಲಿ ಅದ್ದಿದ, ಬಣ್ಣ ತಿರುಗಿ ಬರಲಿಲ್ಲ. ಅಂಗೈಯಲ್ಲಿ ಕಪ್ಪು ಚಿಂದಿಯೊಂದು ಉಳಿಯಿತು.

"ಕೆಳಗಿರೋದೆಲ್ಲ ಹಿಂಗೇನಾ?"

"ಗಾಳಿ ತಾಗಿದಷ್ಟೂ ಹಾಳು. ಬೀಜ, ಹುಳದ ರೆಕ್ಕೆ, ಹೂವಿನ ಪರಾಗ, ಎಲ್ಲಾ ಪದರಪದರವಾಗಿ ಇದರಲ್ಲಿದೆ. ಯಾವಾಗ ಮಳೆ ಹೋಯ್ತು, ಯಾವಾಗ ಕಾಡು ಸುಟ್ಟಿತು ಅಂತ ಹೇಳೋದು ಆ ಪದರಗಳೇ. ಬರೀ ಹಲಗೆ ಎತ್ತಿ ಮಣ್ಣನ್ನ ಚೀಲಕ್ಕೆ ತುಂಬಿದ್ರೆ ಅರ್ಧ ಕಥೆ ಮಾರಿದ ಹಾಗೆ."

ಪಂಪು ಬಡಿದುಕೊಳ್ಳುತ್ತಲೇ ಇತ್ತು. ಗಂಡ ಅದರ ಕಡೆ ನೋಡಿದ, ಚೀಲಗಳ ಕಡೆ ನೋಡಿದ, ತಲೆ ಕೆರೆದುಕೊಂಡ.

"ಉದುರಿದೆಲೆ ಗುಡಿಸಿ ಸುಡ್ತೀವಲ್ಲ, ಅದನ್ನ ಕೊಳೆಸಿ ಗೊಬ್ಬರ ಮಾಡೋಣ," ಎಂದಳು ಬುಗುರಿ. "ಈ ಸಲ ಸಸಿ ಕಡಿಮೆಯಾಗುತ್ತೆ. ಆಗಲಿ. ಇನ್ನೊಂದು ಮುರಿಯೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ."

ಗಂಡ ಹೋಗಿ ಪಂಪು ನಿಲ್ಲಿಸಿದ.

ಆಮೇಲೆ ಕಾಲುವೆಯ ತಡೆ ತೆಗೆದು ನೀರನ್ನು ವಾಪಸು ಬಿಟ್ಟರು. ನಾದಿನಿ ಹಲಗೆಯ ಫೋಟೋ ತೆಗೆದು ವಸ್ತುಸಂಗ್ರಹಾಲಯಕ್ಕೆ ಫೋನ್ ಮಾಡಿದಳು. ಅವರು ಬರುವವರೆಗೆ ಒಣಗದಿರಲೆಂದು, ಅಲ್ಲಿಂದಲೇ ತೆಗೆದ ಕೆಸರನ್ನು ಹಲಗೆಯ ಮೇಲೆ ಕೈಯಿಂದಲೇ ಮುಚ್ಚಿದರು.

"ತೋಡಿದ್ದನ್ನ ಅಲ್ಲೇ ತುಂಬೋ ಜಾಣ ಊರಿಗೆಲ್ಲ ನಾನೊಬ್ನೇ," ಎಂದು ಗಂಡ ಗೊಣಗಿದ. ಗೊಣಗಿದರೂ ಕೆಸರನ್ನು ಮೆತ್ತಗೆ ತಟ್ಟುತ್ತಿದ್ದ.

ನೀರು ಏರಿ ಹಲಗೆಯ ಗುರುತು ಮುಚ್ಚಿಹೋಗುವವರೆಗೂ ಬುಗುರಿ ದಡದಲ್ಲಿ ಅಲುಗದೆ ನಿಂತಿದ್ದಳು.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯ ಹಿಂದೆಯೂ ಒಂದು ಕೆಸರುಗುಂಡಿ ಇರಬಹುದು. ಅದು ಬರೀ ಸೊಳ್ಳೆ ಸಾಕುವ ಜಾಗವೆಂದು ನೀರು ಬಸಿಯುವ ಮೊದಲು ತಿಳಿದವರನ್ನು ಒಂದು ಮಾತು ಕೇಳಿ. ಅಗೆಯುವಾಗ ಹಳೆಯ ಮರವೋ ಬಟ್ಟೆಯೋ ಮೂಳೆಯೋ ಕಂಡರೆ ಗುದ್ದಲಿ ನಿಲ್ಲಿಸಿ, ಇದ್ದಲ್ಲೇ ಬಿಟ್ಟು ಅದೇ ಕೆಸರು ಮುಚ್ಚಿ, ಪುರಾತತ್ವದವರಿಗೆ ತಿಳಿಸಿ. ಅಕಸ್ಮಾತ್ ಕೈಗೆ ಬಂದೇಬಿಟ್ಟಿದ್ದರೆ ಅದರದೇ ಕೆಸರುನೀರಿನಲ್ಲಿ ನೆನೆಸಿ, ನೆರಳಲ್ಲಿಡಿ. ಬುಗುರಿಯ ಸೌಟಿನಲ್ಲಿ ಯಾರು ಯಾರಿಗೆ ಏನು ಬಡಿಸಿದರು ಎಂದು ಇನ್ನು ಯಾರೂ ಹೇಳಲಾರರು. ನಿಮಗೆ ಸಿಕ್ಕಿದ್ದನ್ನಾದರೂ ತೊಳೆಯಬೇಡಿ.