ಎಸಾ ಯಾರು?

ಕೋಣೆಯಲ್ಲಿ ಬೇರೆ ಯಾರೂ ಇರಬಾರದೆಂಬುದೇ ಆನ್‌ಲೈನ್ ಸ್ಪ್ಯಾನಿಷ್ ಪರೀಕ್ಷೆಯ ಮೊದಲ ನಿಯಮ. ಅದಕ್ಕೇ ಲುಂಬಿನಿಯ ಅಪ್ಪ ರಾಜರತ್ನ ತನ್ನ ಕೆಮ್ಮನ್ನು ಕರಕೊಂಡು ವಾಡಿ ಸ್ಟೇಷನ್ನಿಗೆ ಹೋಗಿ ಕೂತಿದ್ದ. ಅಲ್ಲಿ ಎಷ್ಟು ಕೆಮ್ಮಿದರೂ ಯಾರೂ ಅಂಕ ಕಳೆಯುವುದಿಲ್ಲ. ಚಿತ್ತಾಪುರದ ಮನೆಯಲ್ಲಿ, ಮೇ ತಿಂಗಳ ಮಟಮಟ ಮಧ್ಯಾಹ್ನ, ಲುಂಬಿನಿ ಒಬ್ಬಳೇ ಲ್ಯಾಪ್‌ಟಾಪಿನ ಮುಂದೆ ಕೂತಳು. ಪಾಸಾದರೆ ಕೋಡ್ಲಾದ ಸಿಮೆಂಟ್ ಕಾರ್ಖಾನೆಯಲ್ಲಿ, ಸ್ಪೇನಿನಿಂದ ಬರುವ ಎಂಜಿನಿಯರುಗಳಿಗೆ ದುಭಾಷಿಯ ಕೆಲಸ. ಎರಡು ಸಲ ಡುಮ್ಕಿ ಹೊಡೆದಾಗಿತ್ತು, ಮೂರನೆಯದೇ ಕಡೆಯದು.

ಸುತ್ತಲಿನದನ್ನು ತೋರಿಸಿ ಹೇಳು ಎಂದಳು ಪರದೆಯ ಮೇಲಿನ ಪರೀಕ್ಷಕಿ. ಸ್ಪ್ಯಾನಿಷರಿಗೆ ನಮ್ಮ ಹಾಗೆ ಇದು-ಅದು, ಈಕೆ-ಆಕೆ ಎಂದು ಎರಡರಲ್ಲಿ ಮುಗಿಯುವುದಿಲ್ಲ: ಹೇಳುವವರ ಹತ್ತಿರದ್ದು ಎಸ್ತಾ, ಕೇಳುವವರ ಹತ್ತಿರದ್ದು ಎಸಾ, ಇಬ್ಬರಿಗೂ ದೂರದ್ದು ಅಕೇಯಾ. ಲುಂಬಿನಿ ತನ್ನ ಕುರ್ಚಿಗೆ ಎಸ್ತಾ ಎಂದಳು, ಪರೀಕ್ಷಕಿಯ ಕೈಯಲ್ಲಿದ್ದ ಕಪ್ಪಿಗೆ ಎಸಾ.

"ಎಸಾ ಯಾರು?" ಎಂದು ಕೇಳಿದಳು ಪರೀಕ್ಷಕಿ.

ಹಿಂದಿನ ಗೋಡೆಯ ಫೋಟೋ ಇರಬೇಕೆಂದುಕೊಂಡು ಲುಂಬಿನಿ, ಅಕೇಯಾ ನನ್ನ ತಾಯಿ ರಮಾಬಾಯಿ, ಹೋದ ವರ್ಷ ತೀರಿಕೊಂಡಳು ಎಂದು ತಪ್ಪಿಲ್ಲದೆ ಹೇಳಿದಳು.

"ಫೋಟೋ ಅಲ್ಲ. ಎಸಾ. ನಿನ್ನ ಪಕ್ಕದಲ್ಲಿ ನೆಲಕ್ಕೆ ಕೂತು ಕಾಳು ಆರಿಸುತ್ತಿರುವವಳು."

ಅಕ್ಷರ ಬಾರದ ರಮಾಬಾಯಿ ಮಗಳು ಓದುವಾಗೆಲ್ಲ ಪಕ್ಕದಲ್ಲಿ ಮೊರ ಇಟ್ಟುಕೊಂಡು ತೊಗರಿ ಆರಿಸುತ್ತಿದ್ದಳು, ಮಗಳಿಗೆ ತೂಕಡಿಕೆ ಬಾರದಿರಲೆಂದು. ದೆವ್ವ ಗಿವ್ವ ಎಲ್ಲ ಕೆಲಸ ಇಲ್ಲದವರ ಖಯಾಲಿ ಎಂಬುದು ಅಪ್ಪನ ಮತ, ಲುಂಬಿನಿಯದೂ ಅದೇ. ಆದರೂ ಕುತ್ತಿಗೆ ತಿರುಗಲಿಲ್ಲ. ಪರದೆಯ ಮೂಲೆಯ ತನ್ನ ಚಿತ್ರದಲ್ಲಿ ಅವಳು ಒಬ್ಬಳೇ ಇದ್ದಳು.

ಪರೀಕ್ಷಕಿ ಬೇಸರದಿಂದಲೇ ಹೇಳಿದಳು: ಆಕೆ ಹೊರಗೆ ಹೋಗಬೇಕು, ಇಲ್ಲವಾದರೆ ಪರೀಕ್ಷೆ ರದ್ದು. ಒಂದು ನಿಮಿಷ ಕಾಯುತ್ತೇನೆ.

ವರ್ಷದಿಂದ ಲುಂಬಿನಿ ಹಂಬಲಿಸಿದ್ದೇ ಆ ಪಕ್ಕದಲ್ಲಿ ಯಾರಾದರೂ ಕೂತಿರಲಿ ಎಂದು. ನಿಮಿಷ ಮುಗಿಯಲು ಬಂತು.

"ಯವ್ವಾ," ಎಂದಳು ಪರದೆಯಿಂದ ಕಣ್ಣು ಕೀಳದೆ, "ಜರಾ ಹೊರಗ ಕುಂದ್ರು. ಇದೊಂದು ಮುಗೀಲಿ."

ಪಕ್ಕದಲ್ಲಿ, ಏಳುವಾಗ ಮೊಣಕಾಲು ಲಟಕ್ಕೆಂದ ಸದ್ದು. ಒಳಗಿನಿಂದ ಹಾಕಿದ್ದ ಚಿಲಕ ಸರಿಯಿತು. ಬೆನ್ನಿಗೆ ಬಿಸಿಗಾಳಿ ತಾಗಿತು.

ಉಳಿದ ಇಪ್ಪತ್ತು ನಿಮಿಷದಲ್ಲಿ ಲುಂಬಿನಿ ಒಂದೂ ತಪ್ಪು ಮಾಡಲಿಲ್ಲ. ಪಾಸಾದೆ ಎಂದು ಪರೀಕ್ಷಕಿ ನಕ್ಕಳು. ಆ ಹಿರಿಯರನ್ನು ಒಳಗೆ ಕರೆ, ಪಾಪ, ಹೊರಗೆ ಬಹಳ ಬಿಸಿಲು ಇರಬೇಕು ಎಂದಳು.

ಹೊರಗಿನ ಫರಸಿಕಲ್ಲಿನ ಕಟ್ಟೆ ಖಾಲಿ ಇತ್ತು. ಲುಂಬಿನಿ ಕರೆದಳು. ಎದುರುಮನೆಯ ಜಗದೇವಿ ಹಪ್ಪಳ ಒಣಗಿಸುತ್ತಿದ್ದವಳು ತಲೆಯೆತ್ತಿ, ಯಾರನ್ನ ಕರೀಲಿಕತ್ತೀದಿ ಎಂದು ಕೇಳಿದಳು. ಲುಂಬಿನಿ ಕಟ್ಟೆ ಇಳಿದು ಬೀದಿಗೆ ಬಂದಳು. ಇನ್ನೊಮ್ಮೆ ಕರೆದಳು, ಈ ಸಲ ಹೊಲದ ಆಚೆ ಇರುವವರನ್ನು ಕರೆಯುವ ಹಾಗೆ, ಜೋರಾಗಿ.