ಪೆಪ್ಪರಮಿಂಟು ಕರಗುವವರೆಗೆ

ಗುಂಡಿ, ದಾರ, ಲೇಸು ಮಾರುವ ಆ ಸಣ್ಣ ಅಂಗಡಿಯ ಒಡತಿಗೆ ಬೀದಿಯವರು ಇಟ್ಟ ಹೆಸರು ರೇಡಿಯೋ. ಗಿರಾಕಿ ಬಾಯಿ ತೆರೆಯುವ ಮೊದಲೇ ಅವರಿಗೆ ಬೇಕಾದದ್ದನ್ನು ಅವಳೇ ಹೇಳಿಬಿಡುತ್ತಿದ್ದಳು. ನೀಲಿ ದಾರ ತಾನೇ, ಅದಲ್ಲ, ಇನ್ನೂ ಸ್ವಲ್ಪ ಗಾಢವಾದದ್ದು ಎಂದು ಡಬ್ಬ ಇಳಿಸಿದರೆ ಬಹುಪಾಲು ಅದೇ ಸರಿಯಿರುತ್ತಿತ್ತು. ಅಂಗಡಿಗೆ ಇದು ಒಳ್ಳೆಯದೇ. ಆಸ್ಪತ್ರೆಗೆ ಅಲ್ಲ ಎಂದು ಅವಳಿಗೆ ತಿಳಿದದ್ದು 'ಜೊತೆ' ಬಳಗಕ್ಕೆ ಸೇರಿದ ಮೇಲೆ.

ಬಳಗ ಕಟ್ಟಿದವರು ಹೆಡ್‌ಮಿಸ್. ಶಾಲೆಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಆ ಹೆಸರು ಅವರನ್ನು ಬಿಟ್ಟಿರಲಿಲ್ಲ. ಗಂಡನ ಕೊನೆಯ ಕಾಯಿಲೆಯಲ್ಲಿ ಆಸ್ಪತ್ರೆಗೆ ಅಲೆದಲೆದು ಅವರು ಒಂದು ವಿಷಯ ಕಂಡುಕೊಂಡಿದ್ದರು. ಹೇಳಬೇಕೆಂದು ಹೋದ ಮಾತಿನಲ್ಲಿ ಅರ್ಧ ಹೊಟ್ಟೆಯಲ್ಲೇ ಉಳಿಯುತ್ತದೆ. ಡಾಕ್ಟರು ಹೇಳಿದ್ದರಲ್ಲಿ ಅರ್ಧ ಅವರ ಮೇಜಿನ ಮೇಲೆಯೇ ಉಳಿಯುತ್ತದೆ. ಅದಕ್ಕೇ ನಾಲ್ಕಾರು ಜನರನ್ನು ಕೂಡಿಸಿಕೊಂಡು, ದೊಡ್ಡಾಸ್ಪತ್ರೆಯ ಮುಖ್ಯಸ್ಥರನ್ನು ಕಂಡು, ಕಾಡಿ ಬೇಡಿ ಅನುಮತಿ ತಂದರು. ಡಾಕ್ಟರ ಕೋಣೆಯಲ್ಲಿ ಎರಡು ಕುರ್ಚಿ ಇರುತ್ತವೆ. ಒಂದು ರೋಗಿಯದು. ಜೊತೆಗೆ ಯಾರೂ ಇಲ್ಲದವರಿಗೆ, ಇದ್ದೂ ಬಳಗದವರೇ ಬರಲಿ ಎಂದವರಿಗೆ, ಎರಡನೆಯದರಲ್ಲಿ ಬಳಗದವರು ಕೂರುವುದು. ಸಂಬಳವಿಲ್ಲ, ಕೊರಳಲ್ಲೊಂದು ಗುರುತಿನ ಚೀಟಿ ಅಷ್ಟೇ. ಡಾಕ್ಟರು ಹೇಳಿದ್ದನ್ನು ಗಮನವಿಟ್ಟು ಕೇಳಿ, ಆಮೇಲೆ ಹೊರಗಿನ ಬೆಂಚಿನ ಮೇಲೆ ರೋಗಿಗೆ ಮತ್ತೊಮ್ಮೆ ನಿಧಾನವಾಗಿ ಹೇಳಬೇಕು. ರೋಗಿಯ ಪರವಾಗಿ ಮಾತಾಡಬಾರದು.

ಮೊದಲನೆಯ ದಿನವೇ ರೇಡಿಯೋ ಮಾತಾಡಿದ್ದಳು. ಕ್ಷೌರದಂಗಡಿಯ ಮುದುಕರು ಕೂತಲ್ಲೇ ಮಂಡಿ ನೀವಿಕೊಳ್ಳುತ್ತಿದ್ದರು. ಡಾಕ್ಟರು ಏನು ತೊಂದರೆ ಎಂದು ಕೇಳಿದ್ದೇ ತಡ, ಮಂಡಿನೋವು ಸಾರ್ ಎಂದು ಇವಳೇ ಹೇಳಿದಳು. ಮುದುಕರು ಸಂಕೋಚದಿಂದ ತಲೆಯಾಡಿಸಿ, ಮುಲಾಮು ತೆಗೆದುಕೊಂಡು ಮನೆಗೆ ಹೋದರು. ಮರುದಿನ ಮೂತ್ರ ಪೂರ್ತಿ ಕಟ್ಟಿಕೊಂಡು ಅವರನ್ನು ಎತ್ತಿಕೊಂಡೇ ತರಬೇಕಾಯಿತು. ಹಿಂದಿನ ದಿನ ಅವರು ಬಂದಿದ್ದೇ ಅದನ್ನು ಹೇಳುವುದಕ್ಕೆ.

ಹೆಡ್‌ಮಿಸ್ ಬೈಯಲಿಲ್ಲ. ಚೀಲದಿಂದ ಒಂದು ಪೊಟ್ಟಣ ಪೆಪ್ಪರಮಿಂಟು ತೆಗೆದು ಅವಳ ಕೈಗಿಟ್ಟರು.

"ಒಳಗೆ ಹೋಗುವಾಗ ಒಂದು ಬಾಯಿಗೆ ಹಾಕ್ಕೋ. ಕಚ್ಚಬಾರದು. ಅದು ಕರಗೋ ತನಕ ನಿನಗೆ ಬಾಯಿಲ್ಲ, ಬರೀ ಕಿವಿ."

ಬಳಗದಲ್ಲಿ ಎಲ್ಲರೂ ನಕ್ಕರು. ಆದರೆ ತಿಂಗಳೊಪ್ಪತ್ತಿನಲ್ಲಿ ಎಲ್ಲರ ಚೀಲದಲ್ಲೂ ಅಂಥದೊಂದು ಪೊಟ್ಟಣ ಸೇರಿತ್ತು.

ಹೀಗೆ ಬಾಯಿ ಕಟ್ಟಿಕೊಂಡು ಕೂರುವುದನ್ನು ರೇಡಿಯೋ ಒಂದಿಷ್ಟು ಕಲಿತಿರುವಾಗಲೇ ಅವಳ ವಾರಗಿತ್ತಿ ಅಂಗಡಿಗೆ ಬಂದದ್ದು. ವಾರಗಿತ್ತಿ ಎಂದರೆ ಗಂಡನ ಅಣ್ಣನ ಹೆಂಡತಿ. ಅರವತ್ತರ ಹತ್ತಿರದವಳು, ಅಳತೆಗೋಲಿನಲ್ಲಿ ಅಳೆದ ಹಾಗೆ ಮಾತಾಡುವವಳು. ಕಪ್ಪು ಬಣ್ಣದ ಲೈನಿಂಗ್ ಬಟ್ಟೆ ಬೇಕೆಂದಳು, ಹೋದ ಸಲದಷ್ಟೇ. ರೇಡಿಯೋ ಬಟ್ಟೆ ಹರಿಯುತ್ತ, ಇಷ್ಟೊಂದು ಕಪ್ಪು ಬಟ್ಟೆ ಏನು ಮಾಡ್ತೀ ಅಕ್ಕ, ನಾಟಕಕ್ಕೆ ಪರದೆ ಹೊಲೀತೀಯಾ ಎಂದು ತಮಾಷೆ ಮಾಡಿದಳು. ವಾರಗಿತ್ತಿ ನಗಲಿಲ್ಲ. ಹಿಂದಿನ ಕೋಣೆಗೆ ಬಂದು, ಪೆಟ್ಟಿಗೆಗಳ ನಡುವೆ ನಿಂತು, ಗೋಡೆಯ ಕಡೆ ಮುಖ ಮಾಡಿ ಹೇಳಿದಳು. ಮುಟ್ಟು ನಿಂತು ಎಷ್ಟೋ ವರ್ಷವಾಗಿತ್ತು, ಈಗ ಮತ್ತೆ ಕಾಣಿಸಿಕೊಂಡಿದೆ, ಬಿಟ್ಟು ಬಿಟ್ಟು ಬರುತ್ತಿದೆ.

ಬಳಗದ ತರಬೇತಿಯಲ್ಲಿ ದಾದಿಯೊಬ್ಬರು ಒತ್ತಿ ಒತ್ತಿ ಹೇಳಿದ್ದು ಇದನ್ನೇ. ನಿಂತ ಮೇಲೆ ಮತ್ತೆ ಕಂಡರೆ ಸುಮ್ಮನೆ ಕೂರಬಾರದು. ಬೇಗ ಹೋದರೆ ಎಷ್ಟೋ ಸಲ ಸಣ್ಣದರಲ್ಲೇ ಮುಗಿಯುತ್ತದೆ, ತಡವಾದರೆ ಜೀವಕ್ಕೇ ಕುತ್ತು ಬರಬಹುದು.

"ಡಾಕ್ಟರ ಹತ್ರ ಹೋಗಿದ್ದೆಯಲ್ಲ ಅಕ್ಕ?"

"ಹೋಗಿದ್ದೆ. ನಿಮ್ಮ ಭಾವ ನಿದ್ದೆ ಬರಲ್ಲ, ಸುಸ್ತು ಅಂದ್ರು. ಟಾನಿಕ್ ಕೊಟ್ರು."

"ನೀನೇನಂದೆ?"

"ಅವರ ಎದುರಿಗೆ ನಾನೇನನ್ಲಿ?"

ಭಾವ ಕೆಟ್ಟವರಲ್ಲ. ಬಸ್ ನಿಲ್ದಾಣದಲ್ಲಿ ವರ್ಷಾನುಗಟ್ಟಲೆ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಗೆ ಎಂದು ಕೂಗಿದವರು. ಮನೆಯಲ್ಲೂ ಎಲ್ಲರ ಪರವಾಗಿ ಅವರೇ ಕೂಗುವುದು. ಹೆಂಡತಿಗೆ ತಲೆ ನೋಯುತ್ತಿದೆ ಎಂದು ಅವಳಿಗಿಂತ ಮೊದಲು ಅವರಿಗೆ ಗೊತ್ತು. ಇದೊಂದು ಮಾತ್ರ ಗೊತ್ತಿಲ್ಲ.

"ನೀನೇ ಬಾ. ನೀನೇ ಹೇಳಿಬಿಡು. ನಿಂಗೆ ಬಾಯಿದೆ" ಎಂದಳು ವಾರಗಿತ್ತಿ.

ರೇಡಿಯೋ ತಕ್ಷಣ ಒಪ್ಪಿಕೊಂಡಳು. ಅದಕ್ಕಿಂತ ಸುಲಭದ ಕೆಲಸ ಅವಳಿಗೆ ಬೇರೆ ಇರಲಿಲ್ಲ. ಆದರೆ ಸಂಜೆ ಹೆಡ್‌ಮಿಸ್ ಅವಳನ್ನು ಕೇಳಿದರು. ಮೊದಲ ಮಾತು ನೀನು ಹೇಳ್ತೀ ಸರಿ, ಎಷ್ಟು ದಿನದಿಂದ, ಎಷ್ಟು ಹೋಗ್ತಿದೆ, ನೋವಿದೆಯಾ ಅಂತ ಕೇಳಿದಾಗ ಯಾರು ಹೇಳ್ತಾರೆ, ಪರೀಕ್ಷೆಗೆ ಪರದೆಯ ಆಚೆ ಕರೆದಾಗ ನೀನು ಹೋಗ್ತೀಯಾ? ರೇಡಿಯೋ ರಾತ್ರಿಯಿಡೀ ಯೋಚಿಸಲಿಲ್ಲ. ಮನೆಗೆ ನಡೆದು ಹೋಗುವಷ್ಟರಲ್ಲೇ ತೀರ್ಮಾನ ಮಾಡಿದಳು. ಅಕ್ಕನೇ ಹೇಳಬೇಕು, ತಾನು ಹೇಳಿಸಬೇಕು.

ಅಂಗಡಿಯಲ್ಲಿ ನೈಟಿ ತೊಡಿಸಿ ನಿಲ್ಲಿಸಿದ ಒಂದು ಬೊಂಬೆಯಿತ್ತು, ತಲೆಯಿಲ್ಲದ್ದು. ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಷಟರ್ ಅರ್ಧ ಇಳಿಸಿ, ರೇಡಿಯೋ ಆ ಬೊಂಬೆಯನ್ನು ಒಂದು ಸ್ಟೂಲಿನ ಹಿಂದೆ ನಿಲ್ಲಿಸಿದಳು. ಇವರೇ ಡಾಕ್ಟರು, ಹೇಳು ಎಂದು ವಾರಗಿತ್ತಿಯನ್ನು ಎದುರಿಗೆ ಕೂರಿಸಿದಳು.

"ಇವರಿಗೆ ತಲೆನೇ ಇಲ್ಲ."

"ಇಲ್ಲದಿದ್ರೇ ಒಳ್ಳೇದು. ಮುಖ ನೋಡೋ ಕಷ್ಟ ಇಲ್ಲ."

"ನಂಗೆ... ಅದು... ಶುರುವಾಗಿದೆ."

"ಯಾವುದು, ಮಳೆಗಾಲವಾ?"

ವಾರಗಿತ್ತಿ ಕೋಪದಿಂದ ಎದ್ದು ಹೊರಟಳು. ಮರುದಿನ ತಾನೇ ಬಂದಳು. ರಕ್ತ ಎಂಬ ಮಾತು ಅವಳ ಗಂಟಲಿನವರೆಗೂ ಬಂದು ಅಲ್ಲೇ ಕೂತುಬಿಡುತ್ತಿತ್ತು. ಮೂರನೆಯ ಮಧ್ಯಾಹ್ನ ಹೊರಗೆ ಬಿತ್ತು. ಬಿದ್ದಾಗ ಎಷ್ಟು ಜೋರಾಗಿ ಬಿತ್ತೆಂದರೆ, ಪಕ್ಕದ ಚಪ್ಪಲಿ ರಿಪೇರಿಯವನು ಷಟರಿನ ಕೆಳಗಿಂದ ಬಗ್ಗಿ, ಯಾರಿಗಾದರೂ ಏಟಾಯಿತೇ ಎಂದು ವಿಚಾರಿಸಿದ. ಸೂಜಿ ಚುಚ್ಚಿತು ಅಷ್ಟೇ ಎಂದು ರೇಡಿಯೋ ಅವನನ್ನು ಸಾಗಹಾಕಿದಳು. ವಾರಗಿತ್ತಿ ಬಾಯಿಗೆ ಕೈ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ರೇಡಿಯೋ ಎಂದೂ ನೋಡಿರಲಿಲ್ಲ.

ಆಸ್ಪತ್ರೆಗೆ ಹೋದ ದಿನ ಭಾವನೂ ಬಂದರು. ಬರಬೇಡಿ ಎಂದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದರೆ ಹೇಳಬೇಕಾಗುತ್ತದೆ, ಹಾಗಾಗಿ ವಾರಗಿತ್ತಿ ಸುಮ್ಮನಿದ್ದಳು. ಸರದಿ ಬಂದು ಒಳಗೆ ಹೋದಾಗ ಭಾವನ ಕೈ ಎರಡನೆಯ ಕುರ್ಚಿಯ ಬೆನ್ನಿಗೆ ಹೋಯಿತು. ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ಭಾವ ನಿಂತಿರುವಾಗ ರೇಡಿಯೋ ಕೂತವಳಲ್ಲ. ಈಗ ಅವರ ಕೈಯ ಕೆಳಗಿನಿಂದಲೇ ನುಸುಳಿ ಕೂತುಬಿಟ್ಟಳು. ಬಾಯಲ್ಲಿ ಪೆಪ್ಪರಮಿಂಟು ಇತ್ತು.

ಮೇಜಿನಾಚೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. ಬೆಳಗಿನಿಂದ ಕೂತು ಸೋತ ಮುಖ. ಸೆಕೆಗೆ ಬಿಳಿ ಕೋಟನ್ನು ಬಿಚ್ಚಿ ಬೆನ್ನ ಹಿಂದಿನ ಮೊಳೆಗೆ ನೇತುಹಾಕಿದ್ದರು.

"ಏನು ತೊಂದರೆ?"

"ಇವಳಿಗೆ ನಿದ್ದೆ ಸರಿಯಾಗಿ" ಎಂದು ಭಾವ ಶುರುಮಾಡಿದರು.

ರೇಡಿಯೋ ಚೀಲದಿಂದ ಇನ್ನೊಂದು ಪೆಪ್ಪರಮಿಂಟು ತೆಗೆದು, ಕಾಗದ ಬಿಡಿಸಿ, ಅವರ ಮೂಗಿನ ನೇರಕ್ಕೆ ಹಿಡಿದಳು. ಭಾವ ಅದನ್ನು ನೋಡಿದರು, ಅವಳನ್ನು ನೋಡಿದರು. ಡಾಕ್ಟರಮ್ಮನೂ ನೋಡುತ್ತಿದ್ದರು. ಅವರೆದುರಿಗೆ ಬೇಡ ಎಂದು ಜಗ್ಗಾಡುವುದು ಚೆನ್ನಾಗಿರುವುದಿಲ್ಲವೆಂದೋ ಏನೋ, ಇಸಿದುಕೊಂಡು ಬಾಯಿಗೆ ಹಾಕಿಕೊಂಡರು.

ಡಾಕ್ಟರಮ್ಮ ಪೆನ್ನಿನ ತುದಿಯನ್ನು ಹಾಳೆಯ ಮೇಲಿಟ್ಟು ಕಾದರು, ಸುಸ್ತಾ ಎಂದು ಕೇಳಿದರು. ವಾರಗಿತ್ತಿ ರೇಡಿಯೋ ಕಡೆ ತಿರುಗಿದಳು. ಆ ನೋಟದ ಅರ್ಥ ಕುರುಡರಿಗೂ ಆಗುವಂತಿತ್ತು. ನೀನು ಹೇಳು.

ರೇಡಿಯೋಗೆ ಆ ನಾಲ್ಕು ಮಾತು ನಾಲಿಗೆಯ ತುದಿಯಲ್ಲೇ ಇದ್ದವು. ಪೆನ್ನು ಅಲುಗಿತು, ಬರೆಯುತ್ತಿದ್ದದ್ದು ಟಾನಿಕ್ಕಿನ ಹೆಸರೇ ಇರಬೇಕು. ಪೆಪ್ಪರಮಿಂಟು ತೆಳ್ಳಗಾಗಿ ಒಂದು ಗುಂಡಿಯಷ್ಟಾಗಿತ್ತು. ರೇಡಿಯೋ ಅದನ್ನು ಅಂಗುಳಿಗೆ ಒತ್ತಿ ಹಿಡಿದಳು. ಜೀವನದಲ್ಲಿ ಅವಳು ಏನೇನೋ ಎತ್ತಿದ್ದಳು, ಹೊತ್ತಿದ್ದಳು. ಇಷ್ಟು ಭಾರದ್ದನ್ನು ಯಾವತ್ತೂ ಹಿಡಿದಿರಲಿಲ್ಲ. ವಾರಗಿತ್ತಿಯ ಕಣ್ಣಿನಿಂದ ಕಣ್ಣು ತೆಗೆದು ಗೋಡೆಯ ಮೇಲಿನ ಆ ಖಾಲಿ ಕೋಟಿನ ಮೇಲಿಟ್ಟಳು. ಅಲ್ಲಿಂದ ತೆಗೆಯಲಿಲ್ಲ.

ವಾರಗಿತ್ತಿ ಅವಳ ದೃಷ್ಟಿ ಹೋದ ಕಡೆಗೆ ನೋಡಿದಳು. ತಲೆಯಿಲ್ಲದ ಕೋಟು ಮೊಳೆಯಲ್ಲಿ ಮೆಲ್ಲಗೆ ತೂಗುತ್ತಿತ್ತು.

"ನನಗೆ ರಕ್ತ ಹೋಗ್ತಿದೆ. ನಿಂತು ಎಷ್ಟೋ ವರ್ಷ ಆದ್ಮೇಲೆ ಮತ್ತೆ ಹೋಗ್ತಿದೆ" ಎಂದು ಆ ಕೋಟಿಗೆ ಹೇಳಿದಳು.

ಭಾವನ ಬಾಯಲ್ಲಿ ಪೆಪ್ಪರಮಿಂಟು ಕಟಕ್ಕೆಂದಿತು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ತಮ್ಮ ಕುರ್ಚಿಯನ್ನು ಅವಳ ಕಡೆ ಎಳೆದುಕೊಂಡರು. ಯಾವಾಗಿನಿಂದ, ಎಷ್ಟು, ನೋವಿದೆಯಾ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತಾ. ವಾರಗಿತ್ತಿ ಒಂದೊಂದಕ್ಕೂ ಉತ್ತರ ಕೊಟ್ಟಳು. ಮೊದಮೊದಲು ಕೋಟಿಗೆ, ಆಮೇಲೆ ಡಾಕ್ಟರಮ್ಮನಿಗೆ. ಸ್ಕ್ಯಾನ್ ಇವತ್ತೇ ಆಗಬೇಕು, ಗರ್ಭಕೋಶದಿಂದ ಒಂದು ಸಣ್ಣ ತುಣುಕು ತೆಗೆದು ಪರೀಕ್ಷೆಗೆ ಕಳಿಸಬೇಕು, ಅದರ ವರದಿ ಬರುವ ತನಕ ಹೀಗೇ ಎಂದು ಹೇಳಲಾಗುವುದಿಲ್ಲ ಎಂದರು ಅವರು. ಬಂದದ್ದು ಒಳ್ಳೆಯದಾಯಿತು ಎಂದೂ ಅಂದರು. ಪರದೆಯ ಆಚೆಗೆ ಕರೆದಾಗ ವಾರಗಿತ್ತಿ ಯಾರನ್ನೂ ನೋಡದೆ ಎದ್ದು ಹೋದಳು.

ಹೊರಗಿನ ಬೆಂಚಿನ ಮೇಲೆ ಭಾವ ತಮ್ಮ ಅಂಗೈ ನೋಡುತ್ತ ಕೂತರು.

"ನನಗೆ ಯಾಕಮ್ಮ ಹೇಳಲಿಲ್ಲ ಅವಳು?"

ರೇಡಿಯೋ ಬಳಿ ಅದಕ್ಕೆ ಒಂದಲ್ಲ, ಹತ್ತು ಉತ್ತರವಿದ್ದವು. ಬಾಯಿಯೂ ಖಾಲಿಯಿತ್ತು.

"ಅಕ್ಕನ್ನೇ ಕೇಳಿ ಭಾವ."

ಬಾಗಿಲು ತೆರೆದು ವಾರಗಿತ್ತಿ ಹೊರಬಂದಳು, ಸ್ಕ್ಯಾನಿನ ಚೀಟಿ ಕೈಯಲ್ಲಿ. ಮುಖ ಬಿಳಿಚಿಕೊಂಡಿತ್ತು, ಬೆನ್ನು ನೆಟ್ಟಗಿತ್ತು. ಸ್ಕ್ಯಾನು ಕೆಳಗಿನ ಮಹಡಿಯಲ್ಲಂತೆ, ಹೋಗೋಣ, ಎಂದಳು. ಭಾವ ಧಡಕ್ಕನೆ ಎದ್ದು ಏನೋ ಹೇಳಲು ಬಾಯಿ ತೆರೆದರು. ತೆರೆದದ್ದನ್ನು ಹಾಗೇ ಮುಚ್ಚಿದರು. ಆಮೇಲೆ ರೇಡಿಯೋ ಕಡೆ ತಿರುಗಿ, ಸುಮ್ಮನೆ ಕೈ ಚಾಚಿದರು.

ಅವಳು ಪೊಟ್ಟಣವನ್ನೇ ಕೊಟ್ಟುಬಿಟ್ಟಳು.