ಜಾರಿದ ತೆನೆ

ಒಂದು ಕಡೆ ಕಪ್ಪಾಗುತ್ತಿದೆ, ತಿರುಗಿಸಬೇಕು, ಆ ಮೂಲೆಯ ತೆನೆಯಿಂದ ಕಾಳೊಂದು ಟಪ್ಪೆಂದು ಸಿಡಿದು ಕೆಂಡದ ಮೇಲೆ ಬಿತ್ತು, ಹಿಂದೆಯೇ ಬೆಣ್ಣೆಯ ಹನಿಯೊಂದು ಬಿದ್ದು ಚುರ್ ಎಂದಿತು, ಬೆಳ್ಳುಳ್ಳಿಯ ಘಮ ಎದ್ದು ಮೂಗಿಗೆ ಬಂತು, ಎಲ್ಲವೂ ಸರಿಯಾಗಿಯೇ ಇದೆ, ಇಕ್ಕಳ ಕೈಯಲ್ಲೇ ಇದೆ, ತಿರುಗಿಸಿದರಾಯಿತು, ಆದರೆ ಅವಳು ತಿರುಗಿಸುತ್ತಿಲ್ಲ, ಈಗ ತಾನೇ ಕಂಡದ್ದನ್ನು ನಿಜವಾಗಿ ಕಂಡೆನೋ ಇಲ್ಲವೋ ಎಂಬುದೇ ತೀರ್ಮಾನವಾಗಿಲ್ಲ — ಅಮ್ಮನಿಗೆಂದು ತೆನೆ ಚಾಚಿದ್ದಳು, ಹೆಚ್ಚು ಬೆಣ್ಣೆ ಹಚ್ಚು ಕಣೇ, ಜಿಪುಣಿ ಹಾಗೆ ಸವರ್ತೀಯಲ್ಲ ಎಂದು ಅಮ್ಮ ಗೊಣಗಿದ್ದಕ್ಕೆ ಇನ್ನೊಂದು ಚಮಚ ಮೆತ್ತಿದ್ದಳು, ಬೆಳಿಗ್ಗೆಯಿಂದ ಹೊರಗಿಟ್ಟು ಮೆತ್ತಗಾದ ಬೆಣ್ಣೆ, ಅದಕ್ಕೆ ಬಿಸಿ ಬೂದಿಯಲ್ಲಿ ಹೂತು ಸುಟ್ಟು ಹಿಂಡಿದ ಬೆಳ್ಳುಳ್ಳಿ, ತುರಿದ ನಿಂಬೆ ಸಿಪ್ಪೆ, ತರಿತರಿಯಾಗಿ ಕುಟ್ಟಿದ ಕಾಳುಮೆಣಸು, ತೆನೆಗೆ ತಾಗಿದ್ದೇ ತಡ ಕರಗಿ ಬೆರಳ ಸಂದಿಗೆಲ್ಲ ಇಳಿಯಿತು, ತೆನೆ ಜಾರಿತು, ಅಮ್ಮನ ಮಡಿಲಿಗೆ ಬೀಳಬೇಕಿತ್ತು, ಬೀಳಲಿಲ್ಲ, ನಡುವೆ ಒಂದು ಕೈ ಬಂತು, ಐದು ಬೆರಳು ಬಿಚ್ಚಿದವು, ಐದು ಬೆರಳು ಮುಚ್ಚಿದವು, ಗಾಳಿಯಲ್ಲೇ ತೆನೆಯನ್ನು ಗಪ್ಪೆಂದು ಹಿಡಿದವು, ಅದು ತಮ್ಮನ ಎಡಗೈ. ಎಡಗೈ. ಇಪ್ಪತ್ತೆರಡು ವರ್ಷದಿಂದ ಮೊಣಕೈಯಿಂದ ಕೆಳಗೆ ಸತ್ತಿದ್ದ ಕೈ. ಅಯ್ಯೋ ಸುಡ್ತಿದೆ ಎಂದ ತಮ್ಮ, ತೆನೆಯನ್ನು ತಟ್ಟೆಗೆ ಹಾಕಿ ಬೆರಳುಗಳನ್ನು ಬಾಯಿಗೆ ಹಿಡಿದು ಊದಿಕೊಂಡ, ಊದುತ್ತಾ ಊದುತ್ತಾ ಅವಳ ಕಡೆ ನೋಡಿದ, ಊದುವುದು ನಿಂತಿತು, ಆಮೇಲೆ ಆ ಕೈ — ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ — ಆ ಕೈ ಮೆಲ್ಲಗೆ ಕೆಳಗಿಳಿಯಿತು, ಬೆರಳು ಸಡಿಲಾದವು, ಮಣಿಕಟ್ಟು ಸೋತಿತು, ಎಂದಿನಂತೆ ಪಕ್ಕದಲ್ಲಿ ನೇತಾಡತೊಡಗಿತು, ಏನೂ ಆಗಿಲ್ಲವೆಂಬಂತೆ, ಅವಳ ಕಣ್ಣೆದುರೇ ಸತ್ತಿತು.

ಇರಬಹುದು, ನರಕ್ಕೆ ಒಮ್ಮೊಮ್ಮೆ ಹಾಗಾಗುತ್ತದೆ, ಬೆಚ್ಚಿಬಿದ್ದಾಗ ಮೈ ತಾನಾಗಿ ಹಾರುತ್ತದಲ್ಲ ಹಾಗೆ, ಡಾಕ್ಟರು ಅಂದೇ ಹೇಳಿದ್ದರು ನರ ಬಂದರೂ ಬರಬಹುದು, ಬರದೆಯೂ ಇರಬಹುದು, ಕಾದು ನೋಡಿ ಎಂದು, ಹಾಗಾದರೆ ಇವತ್ತು, ಈ ತಾರಸಿಯ ಮೇಲೆ, ಭಾನುವಾರ ಸಂಜೆ ಐದಕ್ಕೆ ಬಂತೇ, ಒಂದು ಜೋಳದ ತೆನೆಗೋಸ್ಕರ ಬಂತೇ, ಹಾಗಾದರೆ ಅವನು ಕುಣಿಯಬೇಕಿತ್ತು, ಅಕ್ಕಾ ನೋಡು ನೋಡು ಎಂದು ಕಿರುಚಬೇಕಿತ್ತು, ಅಮ್ಮ ಎದೆ ಬಡಿದುಕೊಂಡು ಅಳಬೇಕಿತ್ತು, ಯಾರೂ ಕುಣಿಯುತ್ತಿಲ್ಲ, ತಮ್ಮ ನೆಲ ನೋಡುತ್ತಿದ್ದಾನೆ, ಅಮ್ಮ — ಅಮ್ಮ ಏನು ಮಾಡುತ್ತಿದ್ದಳು ಆಗ, ಏನೋ ಒಂದು ಕಂಡ ಹಾಗಿತ್ತು, ಕಣ್ಣಂಚಿನಲ್ಲಿ, ಹಿಡಿಯಲು ಹೋದರೆ ಸಿಗುತ್ತಿಲ್ಲ, ಅದಿರಲಿ, ಮೊದಲು ಜೋಳ ತಿರುಗಿಸಬೇಕು. ತಿರುಗಿಸಿದಳು. ಆ ದಿನ ಸರಸರನೆ ಕೆಳಗಿಳಿದ ಶಟರಿನ ಸದ್ದು ಕಿವಿಗೆ ಬಂತು, ಯಾವಾಗಲೂ ಬರುತ್ತದೆ, ಸುಮ್ಮನೆ ಬರುತ್ತದೆ, ಕೊಕ್ಕೆ ಹಾಕಿ ಶಟರ್ ಎಳೆದವಳು ಅವಳೇ, ಹತ್ತೊಂಬತ್ತು ವರ್ಷ ಅವಳಿಗೆ, ಅವನಿಗೆ ಹನ್ನೆರಡು, ಕೆಳಗಿನ ಈ ಫೋಟೋ ಫ್ರೇಮಿನ ಅಂಗಡಿ ಆಗ ಅಪ್ಪನದು, ಗೆಳತಿ ಬೀದಿಯ ಆ ತುದಿಯಲ್ಲಿ ಕಾಯುತ್ತಿದ್ದಾಳೆ, ಬೇಗ ಬೇಗ, ಒಂದು ಸಲ ಹಿಂದೆ ತಿರುಗಿ ನೋಡಿದ್ದರೆ, ಒಳಗೆ ಬಿಟ್ಟುಬಂದ ಚಪ್ಪಲಿಗೆಂದು ಅವನು ಹೊಟ್ಟೆಯ ಮೇಲೆ ಮಲಗಿ ಕೈ ತೂರಿಸಿದ್ದ, ಅವಳು ನೋಡಲಿಲ್ಲ, ಎಳೆದಳು, ಬಿಟ್ಟಳು, ಸದ್ದು ನಡುವೆ ನಿಂತಿತು, ನೆಲಕ್ಕೆ ತಾಗುವ ಮೊದಲೇ ನಿಂತಿತು, ಯಾಕೆ ನಿಂತಿತು ಎಂದು ಬಗ್ಗಿದಳು. ಅವತ್ತಿನಿಂದ ಅವಳು ಬಗ್ಗಿದ್ದೇ ಬಗ್ಗಿದ್ದು. ಅವನ ಶರ್ಟಿನ ಗುಂಡಿ, ಬೂಟಿನ ದಾರ, ಪೆನ್ನಿನ ಮುಚ್ಚಳ, ದಿನಾ ಸಂಜೆ ಆ ಕೈಗೆ ಎಣ್ಣೆ, ಜೋಳದ ಕಾಲ ಬಂದರೆ ಅವನ ಪಾಲಿನ ತೆನೆಯನ್ನು ನಿಲ್ಲಿಸಿ ಚೂರಿಯಿಂದ ಮೇಲಿನಿಂದ ಕೆಳಕ್ಕೆ ಸವರಿ, ಕಾಳು ಸಾಲುಸಾಲಾಗಿ ಬಾಚಣಿಗೆಯ ಹಲ್ಲಿನ ಹಾಗೆ ಬಿಟ್ಟುಕೊಂಡು ಬಟ್ಟಲಿಗೆ ಬೀಳುವಂತೆ ಮಾಡಿ, ಬೆಣ್ಣೆ ಕಲಸಿ, ಚಮಚ ಇಟ್ಟು, ತಗೋ ಪುಟ್ಟಾ, ಮೂವತ್ತನಾಲ್ಕು ವರ್ಷದ ಗಂಡಸಿಗೆ ತಗೋ ಪುಟ್ಟಾ, ಯಾಕೆಂದರೆ ತೆನೆ ತಿನ್ನಲು ಎರಡು ಕೈ ಬೇಕು, ಎರಡು ಕೈ ಇದ್ದವರಿಗೆ ಇದು ಗೊತ್ತೇ ಇರುವುದಿಲ್ಲ.

ಎಣ್ಣೆ! ಆ ಎಣ್ಣೆಯ ಬಗ್ಗೆ ಅವಳಿಗೆ ಎಷ್ಟು ಹೆಮ್ಮೆಯಿತ್ತು, ಇಂಥ ಕೈಗಳು ವರ್ಷ ಕಳೆದ ಹಾಗೆ ಕಡ್ಡಿಯಾಗುತ್ತವಂತೆ, ನಿಮ್ಮ ತಮ್ಮನ ಕೈ ನೋಡಿ ಎಷ್ಟು ತುಂಬಿಕೊಂಡಿದೆ ಎಂದು ನೆಂಟರೆಲ್ಲ ಹೊಗಳಿದರೆ ಅವಳು ಏನೂ ಹೇಳದೆ ತಲೆ ತಗ್ಗಿಸುತ್ತಿದ್ದಳು, ಒಳಗೊಳಗೆ ಹಿಗ್ಗುತ್ತಿದ್ದಳು, ನನ್ನ ಹತ್ತು ಬೆರಳಿನ ಕೆಲಸ ಎಂದುಕೊಳ್ಳುತ್ತಿದ್ದಳು, ಪೆದ್ದಿ, ಕೈ ತುಂಬಿಕೊಂಡದ್ದು ಕೆಲಸ ಮಾಡಿ, ಎಲ್ಲಿ ಕೆಲಸ ಮಾಡಿತು, ಯಾರ ಮನೆಯಲ್ಲಿ ಮಾಡಿತು — ಮತ್ತು ಉಗುರು, ದೇವರೇ, ಉಗುರು, ಇವತ್ತು ಬೆಳಿಗ್ಗೆ ಕೂಡ, ಬಲಗೈಯ ಉಗುರು ಅವನಿಂದ ಹೇಗೂ ಆಗದು, ಎಡಗೈಯದನ್ನೂ ನೀನೇ ತೆಗೆದುಬಿಡು ಅಕ್ಕಾ, ಪ್ರತಿ ಭಾನುವಾರ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಫ್ರೇಮಿಗೆ ಗಾಜು ಕೊಯ್ಯುವಾಗಿನ ಎಚ್ಚರದಲ್ಲೇ ಒಂದೊಂದೇ ಬೆರಳು ಹಿಡಿದು, ಆ ಕೈ ಅವಳ ಅಂಗೈಯಲ್ಲಿ ನಿದ್ದೆಹೋದ ಮಗುವಿನ ಹಾಗೆ ಭಾರವಾಗಿ, ಬೆಚ್ಚಗೆ, ಬಿದ್ದುಕೊಂಡಿರುತ್ತಿತ್ತು, ಒಂದು ಸಲ ಕತ್ತರಿ ತಪ್ಪಿ ಮಾಂಸಕ್ಕೇ ಹೋಯಿತು, ತೋರುಬೆರಳು, ರಕ್ತ ಬೊಳಬೊಳ ಸುರಿಯಿತು, ಅವಳು ಅತ್ತುಬಿಟ್ಟಳು, ಅವನು ನಕ್ಕ, ಅಯ್ಯೋ ನನಗೇನೂ ಗೊತ್ತಾಗ್ಲಿಲ್ಲ ಅಕ್ಕಾ, ಯಾಕೆ ಅಳ್ತೀಯ, ನೋವಾಗೋ ಕೈಯಾ ಇದು. ಬೆರಳು ಒಂದಿಷ್ಟೂ ಅದುರಿರಲಿಲ್ಲ. ಕತ್ತರಿ ಮಾಂಸಕ್ಕೆ ಇಳಿದಾಗ ಅದುರದೆ ಇರಲು ಎಷ್ಟು ವರ್ಷ ಅಭ್ಯಾಸ ಬೇಕು, ಹಲ್ಲು ಕಚ್ಚಿದ್ದನೇ, ನಗುವಾಗ ಕಚ್ಚಿದ ಹಲ್ಲಿನಲ್ಲೇ ನಕ್ಕನೇ, ಅವಳು ಇಕ್ಕಳವನ್ನು ಗಟ್ಟಿ ಹಿಡಿದಳು.

ಅಕ್ಕಾ, ಎಂದ ತಮ್ಮ. ರೈಲು ನಿಲ್ದಾಣದಲ್ಲಿ ಗಾಡಿಗಳ ಹೊತ್ತು ಸಾರುವ ಗಂಟಲು ಅವನದು, ಇಡೀ ಊರಿಗೆ ಗೊತ್ತಿರುವ ದನಿ, ಈಗ ಗಾಳಿ ಬಿಟ್ಟ ಬಲೂನಿನ ಹಾಗೆ ಬಂತು. ಯಾವಾಗಿಂದ, ಎಂದಳು. ಅಕ್ಕಾ ನೀನು ಮೊದಲು ಕೂತ್ಕೋ. ಯಾವಾಗಿಂದ ಅಂತ ಕೇಳಿದೆ. ಹದಿನಾಲ್ಕಕ್ಕೆ, ಎಂದ, ಮೊದಲು ಹೆಬ್ಬೆರಳು, ಆಮೇಲೆ ಒಂದೊಂದೇ, ಹದಿನಾರು ತುಂಬೋ ಹೊತ್ತಿಗೆ ಪೂರ್ತಿ. ಹದಿನಾಲ್ಕು. ಅವಳು ಲೆಕ್ಕ ಹಾಕಿದಳು, ಬೇಡವೆಂದರೂ ತಲೆ ಹಾಕಿತು, ಅವನಿಗೆ ಹದಿನಾಲ್ಕಾದಾಗ ಅವಳಿಗೆ ಇಪ್ಪತ್ತೊಂದು, ಕಾಗದ ಬಂದದ್ದು ಅದರ ಮರುವರ್ಷ, ನಕ್ಷೆ ಬರೆಯುವುದನ್ನು ಕಲಿಸುವ ಆ ದೊಡ್ಡ ಶಾಲೆ, ಎರಡು ದಿನದ ರೈಲು ಪ್ರಯಾಣದಾಚೆ, ನದಿ ಬೆಟ್ಟ ರಸ್ತೆ ಎಲ್ಲವನ್ನೂ ಅಳೆದು ಕಾಗದಕ್ಕಿಳಿಸುವ ವಿದ್ಯೆ, ನಿಮಗೆ ಜಾಗ ಸಿಕ್ಕಿದೆ, ಒಂದು ತಿಂಗಳೊಳಗೆ ಬಂದು ಸೇರಿಕೊಳ್ಳಿ ಎಂದಿತ್ತು, ಅವಳು ಮೂರು ದಿನ ಯಾರಿಗೂ ಹೇಳದೆ ಓದಿದಳು, ನಾಲ್ಕನೆಯ ದಿನ ತಮ್ಮನ ಶರ್ಟಿಗೆ ಗುಂಡಿ ಹಾಕುತ್ತಿದ್ದಾಗ ತನಗೆ ತಾನೇ ತೀರ್ಮಾನಿಸಿಕೊಂಡಳು, ಬರಲಾಗುವುದಿಲ್ಲ ಎಂದು ಬರೆದಳು, ಶಾಲೆಯಿಂದ ಬಂದಿದ್ದ ಕಾಗದವನ್ನು ಯಾರದೋ ಮದುವೆಯ ಫೋಟೋದ ಹಿಂದೆ ಒತ್ತಿಗೆ ಇಟ್ಟು ರಟ್ಟು ಮುಚ್ಚಿ ಮೊಳೆ ಹೊಡೆದಳು, ಈಗಲೂ ಯಾರ ಗೋಡೆಯ ಮೇಲೋ ನೇತಾಡುತ್ತಿರಬೇಕು ಅದು, ಗಂಡುಹೆಣ್ಣಿನ ಬೆನ್ನ ಹಿಂದೆ. ಗುಂಡಿ ಹಾಕುತ್ತಿದ್ದಾಗ! ಆಗ ಆ ಹೆಬ್ಬೆರಳು ಅವಳ ಮಣಿಕಟ್ಟಿನಿಂದ ಎರಡು ಅಂಗುಲ ದೂರದಲ್ಲಿತ್ತು, ಅಲ್ಲಾಡಬಲ್ಲ ಹೆಬ್ಬೆರಳು, ಅಲ್ಲಾಡದೆ ಕೂತ ಹೆಬ್ಬೆರಳು. ಸ್ಟೇಷನ್ನಲ್ಲಿ, ಎಂದಳು, ಅಲ್ಲಿ ಗೊತ್ತಾ ಅವರಿಗೆಲ್ಲ. ಅವನು ತಲೆಯಾಡಿಸಿದ. ಅಲ್ಲಿ ಎಲ್ಲರಿಗೂ ಗೊತ್ತು ಅಕ್ಕಾ, ಗೊತ್ತಾಗೋದೇನು ಬಂತು, ಅಲ್ಲಿ ನಾನು ಎಲ್ಲರ ಥರ. ಎಲ್ಲರ ಥರ. ಅದಕ್ಕೇ ಊಟದ ಡಬ್ಬಿ ಮರೆತುಹೋದ ದಿನ ನಾನು ತಂದುಕೊಡ್ತೀನಿ ಅಂದರೆ ಬೇಡ ಬೇಡ ಅನ್ನುತ್ತಿದ್ದ, ಅವಳನ್ನು ಗಾಜಿನಕ್ಕ ಎಂದು ಕರೆಯುವ ಗಿರಾಕಿಗಳಿಗೆಲ್ಲ, ಹೂ ಮಾರುವವಳಿಗೆ, ಟಿಕೆಟ್ ಹರಿಯುವವನಿಗೆ, ಊರಿಗೆ ಊರೇ ಗೊತ್ತಿದ್ದಿರಬೇಕು, ಒಬ್ಬಳಿಗೆ ಬಿಟ್ಟು, ಅವರೆಲ್ಲ ಏನೆಂದುಕೊಂಡಿರಬಹುದು, ನಗಬೇಕೋ ಅಳಬೇಕೋ, ನಗುವೇ ಬಂತು, ಹ್ಞಾ ಎಂದು ಒಂದೇ ಒಂದು ಸದ್ದು, ಕೆಮ್ಮಿದ ಹಾಗಿತ್ತು.

ಯಾಕೋ, ಎಂದಳು, ಯಾಕೋ ಪುಟ್ಟಾ, ಬೈಯುವ ದನಿ ಹುಡುಕಿದಳು, ಸಿಗಲಿಲ್ಲ. ಅವನು ಹೇಳಿದ, ಹೆಬ್ಬೆರಳು ಅಲ್ಲಾಡಿದ ದಿನ ನಿನಗೇ ಮೊದಲು ತೋರಿಸ್ಬೇಕು ಅಂತ ಮೆಟ್ಟಿಲು ಹಾರಿಕೊಂಡು ಬಂದೆ ಅಕ್ಕಾ, ನಿನ್ನಾಣೆ, ನೀನು ಅಂಗಡೀಲಿ ಇರ್ಲಿಲ್ಲ, ಫ್ರೇಮು ಕೊಡೋಕೆ ಹೋಗಿದ್ದೆ, ಆಗ — ಎಂದು ನಿಲ್ಲಿಸಿದ. ಆಗ ಏನು. ಸ್ವಲ್ಪ ದಿನ ಅಂದ್ಕೊಂಡಿದ್ದೆ, ಎಂದ, ಸ್ವಲ್ಪ ದಿನ ಕಳೀಲಿ ಅಂತ, ಆಮೇಲೆ ಹೇಳೋಕೆ ಹೇಗೆ ಅಂತಾನೇ ಗೊತ್ತಾಗ್ಲಿಲ್ಲ, ಒಂದೊಂದು ವರ್ಷ ಕಳೆದ ಹಾಗೂ ಬಾಯಿ ಇನ್ನೂ ಕಟ್ಟಿಕೊಳ್ತು. ಕಳೀಲಿ ಅಂತ, ಯಾರು ಅಂದರು ಕಳೀಲಿ ಅಂತ, ಹದಿನಾಲ್ಕರ ಹುಡುಗನಿಗೆ ಅಂಥ ಮಾತು ತಾನಾಗಿ ಹೊಳೆಯುತ್ತದೆಯೇ, ಮನೆಯಲ್ಲಿ ಆ ಹೊತ್ತು ಇದ್ದವರು ಯಾರು, ಅಪ್ಪ ತೀರಿಕೊಂಡು ವರ್ಷವಾಗಿತ್ತು, ಇದ್ದದ್ದು — ಅವಳು ಅಮ್ಮನತ್ತ ತಿರುಗಲಿಲ್ಲ, ತಿರುಗಲು ಆಗಲಿಲ್ಲ, ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ, ನೀನು ಅಂಗಡಿ ನೋಡ್ಕೋ, ಇಬ್ರೂ ಹೋದ್ರೆ ಗಿರಾಕಿ ಬಂದು ವಾಪಸ್ ಹೋಗ್ತಾರೆ, ಎಷ್ಟು ಸಲ ಅಂದಿದ್ದಳು ಅಮ್ಮ, ಬಂದು ಮಂಚದ ಮೇಲೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡು ಏನೂ ಸುಧಾರಣೆ ಇಲ್ವಂತೆ ಕಣೇ, ನಮ್ಮ ಹಣೆಬರಹ ಅನ್ನುತ್ತಿದ್ದಳು, ಅವಳು ಅಮ್ಮನಿಗೆ ನೀರು ತಂದುಕೊಟ್ಟು ಕಾಲು ಒತ್ತುತ್ತಿದ್ದಳು. ಜೋಳ ಸೀದು ಹೋಗ್ತಿದೆ ನೋಡೇ, ಎಂದಳು ಅಮ್ಮ, ಈಗ, ಕುರ್ಚಿಯಿಂದ, ದಿನನಿತ್ಯದ ದನಿಯಲ್ಲಿ. ಸೀಯಲಿ, ಎಂದಳು ಅವಳು. ಕೆಂಡ ಚಟಪಟ ಎಂದಿತು, ಆಮೇಲೆ ಅಮ್ಮ ತನ್ನ ಮಂಡಿಗೆ ಹೇಳುವಂತೆ ಹೇಳಿದಳು, ನೀನು ಹೋಗ್ಬಿಡ್ತಿದ್ದೆ. ಅಷ್ಟೇ. ತಪ್ಪಾಯಿತು ಎಂದಿಲ್ಲ, ಅವನದೇನೂ ತಪ್ಪಿಲ್ಲ ಎಂದೂ ಇಲ್ಲ, ಇನ್ನೊಮ್ಮೆ ಎಂದಳು, ನಿಮ್ಮಪ್ಪ ಹೋಗಿ ಒಂದೇ ವರ್ಷ, ನೀನೂ ಹೋಗ್ಬಿಡ್ತಿದ್ದೆ.

ಅವಳು ಜಾಲರಿಯಿಂದ ಒಂದು ತೆನೆ ಎತ್ತಿದಳು, ಎಲ್ಲ ಕಡೆ ಹದವಾಗಿ ಬೆಂದದ್ದು, ಹಳದಿಯ ನಡುವೆ ಅಲ್ಲಲ್ಲಿ ಕಂದು, ಬಟ್ಟಲಲ್ಲಿ ಉಳಿದ ಬೆಣ್ಣೆಯನ್ನೆಲ್ಲ ಅದರ ಮೇಲೆ ಬಳಿದಳು, ಯಾಕೆ ಬಳಿಯುತ್ತಿದ್ದೇನೆ ಎಂದು ತನಗೇ ತಿಳಿಯದೆ, ತಮ್ಮನ ಎಡಕ್ಕೆ ಹೋಗಿ ನಿಂತು ಚಾಚಿದಳು, ಹಿಡಿ. ಅಕ್ಕಾ ಬೇಡ. ಹಿಡಿಯೋ. ನೇತಾಡುತ್ತಿದ್ದ ಕೈ ಎದ್ದಿತು, ಬಲಗೈ ಬಂದು ಜೊತೆ ಸೇರಿತು, ತಿನ್ನು ಎಂದಳು, ಅವನು ತಿಂದ, ಮೊದಲು ಹಕ್ಕಿ ಕೊಕ್ಕಿಕ್ಕುವಂತೆ, ಆಮೇಲೆ ಗಬಗಬನೆ, ತೆನೆಯನ್ನು ತಿರುಗಿಸಿ ತಿರುಗಿಸಿ, ಸಾಲುಸಾಲಾಗಿ ಕಚ್ಚಿ, ಮೂಗಿನಿಂದ ನೀರು, ಕಣ್ಣಿಂದ ನೀರು, ಮೊಣಕೈವರೆಗೆ ಬೆಣ್ಣೆ ಇಳಿದು, ಎಷ್ಟು ಆಸೆಯಿತ್ತೋ ಅವನಿಗೆ ಹೀಗೆ ತಿನ್ನಲು, ಬಟ್ಟಲು ಚಮಚ ನೋಡಿ ನೋಡಿ ಎಷ್ಟು ಸಾಕಾಗಿತ್ತೋ, ಅವಳಿಗೆ ಅವನ ಮೇಲೆ ಕೋಪ ಬರಬೇಕು, ಬರುತ್ತದೆ, ನಾಳೆ ಬರಬಹುದು, ನಾಳೆ ಆರು ಫ್ರೇಮು ಕೊಡಬೇಕು, ಗಾಜು ಇನ್ನೂ ಕೊಯ್ದಿಲ್ಲ, ನಲವತ್ತೊಂದಕ್ಕೆ ನಕ್ಷೆ ಕಲಿಸುವವರು ಇದ್ದಾರೆಯೇ, ಎರಡು ದಿನದ ಆ ರೈಲು ಈಗಲೂ ಓಡುತ್ತದೆಯೇ, ಕೇಳಿದರೆ ಹೇಳುವವನು ಎದುರಿಗೇ ಕೂತಿದ್ದಾನೆ ಬಾಯಿ ತುಂಬ ಜೋಳ ಇಟ್ಟುಕೊಂಡು, ಕೇಳಬೇಕು, ಕೇಳುತ್ತೇನೆ, ಮೊದಲು ಈ ಒಂದು ಹೋಗಲಿ, ಕಣ್ಣಂಚಿನಲ್ಲಿ ಸಿಕ್ಕಿಕೊಂಡದ್ದು, ಆಗಿನಿಂದ ಹಿಡಿಯಲು ಸಿಗದೆ ಆಟ ಆಡಿಸಿದ್ದು, ಈಗ ಸಿಕ್ಕಿತು, ಸಿಕ್ಕಿದ್ದು ಬಿಡುತ್ತಿಲ್ಲ — ತೆನೆ ಜಾರಿತು, ಸತ್ತ ಕೈ ಹಾರಿ ಹಿಡಿಯಿತು, ಅಂಥದ್ದು ಕಂಡರೆ ಯಾವ ತಾಯಿಯಾದರೂ ಮಗನ ಕೈ ನೋಡುತ್ತಾಳೆ, ಅಮ್ಮ ಕೈ ನೋಡಲಿಲ್ಲ, ಅವಳು ಬೇರೆ ಏನಾದರೂ ನೆನೆಯಲು ಹೋದಳು, ಗಾಜು ಎಂದು ಯೋಚಿಸಿದಳು, ರೈಲು ಎಂದು ಯೋಚಿಸಿದಳು, ಆಗಲಿಲ್ಲ, ತೆನೆ ಜಾರುತ್ತದೆ, ಬೆರಳು ಮುಚ್ಚಿಕೊಳ್ಳುತ್ತವೆ, ಅಮ್ಮ ಆಗಲೇ ಅವಳ ಮುಖ ನೋಡುತ್ತಿದ್ದಾಳೆ, ಬೆರಳು ಮುಚ್ಚಿಕೊಳ್ಳುತ್ತವೆ, ಅಮ್ಮ ಅವಳ ಮುಖ ನೋಡುತ್ತಿದ್ದಾಳೆ, ಅಮ್ಮ ಅವಳ ಮುಖ